ಆಳಿನ ಕೋಣೆಗೊಂದು ಬಾಗಿಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಯಾವನೋ ಇಂಗ್ಲಿಷಿನವನು ತನ್ನ ಹೆಂಡತಿ ಮಕ್ಕಳಿಗೆ, ಆಳುಕಾಳುಗಳಿಗೆ ಅಂತ ಕಟ್ಟಿಸಿದ ಮನೆಯಲ್ಲಿ ಮೈಸೂರಿನ ಅತ್ತೆಯ ಜೊತೆ ಬಾಳಿ ನೋಡು ಅಂತ ಮಾತ್ರ ಯಾರೂ ಹೇಳಿಲ್ಲ. ಹೇಳಬೇಕಿತ್ತು. ಹೇಳಿದ್ದರೆ ನಾನು ಟೊರಾಂಟೊ ಪಕ್ಕದ ಬ್ರಾಂಪ್ಟನ್ನಿನ ಟೌನ್‌ಹೌಸ್ ಬಿಟ್ಟು ಕದಲುತ್ತಿರಲಿಲ್ಲ.

ಇವರು, ಅಂದರೆ ನನ್ನ ಗಂಡ, ಸ್ಟ್ರಕ್ಚರಲ್ ಎಂಜಿನಿಯರು. ಹಗಲೆಲ್ಲ ಟೊರಾಂಟೊದ ಕಾಂಡೊ ಕಟ್ಟಡಗಳ ಕಾಂಕ್ರೀಟಿಗೆ ಲೆಕ್ಕ ಹಾಕಿ ಹಾಕಿ, ಮನೆಗೆ ಬಂದಮೇಲಾದರೂ ಇಟ್ಟಿಗೆ ನೋಡಬೇಕು ಅನ್ನುವ ಹುಚ್ಚು ಹತ್ತಿಸಿಕೊಂಡವರು. ವಿಟ್ಬಿಯ ಈ ಹಳೆಯ ಫಾರ್ಮ್‌ಹೌಸ್ ಮಾರಾಟಕ್ಕಿದೆ ಅಂತ ಗೊತ್ತಾದ ದಿನ ಊಟವನ್ನೂ ಸರಿಯಾಗಿ ಮಾಡಲಿಲ್ಲ. ನೋಡಲು ಹೋದಾಗ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ, "ನೋಡೇ, ಸಿಮೆಟ್ರಿ ನೋಡು" ಅಂದರು. ನೋಡಿದೆ. ಕೆಂಪು ಇಟ್ಟಿಗೆಯ ಗೋಡೆ, ಮೂಲೆಗಳಿಗೆ ಮಾತ್ರ ಹಳದಿ ಇಟ್ಟಿಗೆಯ ಅಂಚು. ನಟ್ಟ ನಡುವೆ ಬಾಗಿಲು, ಆಚೆಗೊಂದು ಈಚೆಗೊಂದು ಉದ್ದನೆಯ ಕಿಟಕಿ. ಬಾಗಿಲ ಮೇಲೆ ಚೂಪು ಚಾವಣಿ, ಅದರೊಳಗೆ ಚರ್ಚಿನ ಕಿಟಕಿಯಂಥ ಮೊನೆಯ ಕಿಟಕಿ. ಹಿಂಬದಿಗೆ ಅಡುಗೆಮನೆಯ ಭಾಗ ಬಾಲದ ಹಾಗೆ ಚಾಚಿಕೊಂಡಿತ್ತು. ಚೆನ್ನಾಗಿಲ್ಲ ಅಂತ ಹೇಳಲಾರೆ. ಚೆನ್ನಾಗಿಯೇ ಇತ್ತು. ನನ್ನ ತಕರಾರು ಅದರ ಚೆಲುವಿನ ಬಗ್ಗೆ ಯಾವತ್ತೂ ಇರಲಿಲ್ಲ.

ಮನೆಯ ಸುತ್ತ ಈಗ ಹೊಲವಿಲ್ಲ. ಒಂದೇ ಅಚ್ಚಿನಲ್ಲಿ ತೆಗೆದಂಥ ಹೊಸ ಮನೆಗಳ ಬಡಾವಣೆ ಅದನ್ನು ನಾಲ್ಕೂ ಕಡೆಯಿಂದ ಒತ್ತಿಕೊಂಡಿದೆ. ಹಳೆಯ ಗಾಡಿದಾರಿ ಮುಚ್ಚಿಹೋಗಿ ಹೊಸ ರಸ್ತೆ ಹಿಂದುಗಡೆ ಬಂದಿದ್ದರಿಂದ, ಅಷ್ಟು ಠೀವಿಯ ಮುಂಬಾಗಿಲು ಪಕ್ಕದ ಮನೆಯವರ ಬೇಲಿ ಮತ್ತು ಬಾರ್ಬೆಕ್ಯೂ ಒಲೆಯನ್ನು ನೋಡಿಕೊಂಡು ನಿಂತಿದೆ. ಅದೂ ದಕ್ಷಿಣಕ್ಕೆ. ಗೃಹಪ್ರವೇಶದ ದಿನ ನಾನು ಕಳಶ ಹಿಡಿದು ಹೊಸಿಲ ಮುಂದೆ ನಿಂತರೆ ಬಾಗಿಲು ತೆರೆಯಲೇ ಇಲ್ಲ. ಪದರ ಪದರ ಬಣ್ಣ ಬಳಿದು ಅದು ಚೌಕಟ್ಟಿಗೇ ಅಂಟಿಹೋಗಿತ್ತು. ಇವರು ಭುಜ ಕೊಟ್ಟು ತಳ್ಳಿದರು. ಪುರೋಹಿತರು ವಾಚು ನೋಡಿಕೊಂಡು, "ಸಾರ್, ಮುಹೂರ್ತ ಮೀರ್ತಿದೆ, ನಂಗೆ ಕ್ಲೈನ್‌ಬರ್ಗಲ್ಲಿ ಇನ್ನೊಂದು ಸತ್ಯನಾರಾಯಣ ಪೂಜೆ ಇದೆ" ಅಂದರು. ಕೊನೆಗೆ ಎಲ್ಲರೂ ಸುತ್ತು ಹಾಕಿ ಅಡುಗೆಮನೆಯ ಬಾಗಿಲಿನಿಂದ ಬಲಗಾಲಿಟ್ಟು ಒಳಗೆ ಬಂದೆವು. ಈ ರೈತರ ಮನೆಗಳಲ್ಲಿ ಮುಂಬಾಗಿಲನ್ನು ಮದುವಣಗಿತ್ತಿಗೆ ಮತ್ತು ಹೆಣಕ್ಕೆ ಬಿಟ್ಟರೆ ತೆರೆಯುತ್ತಲೇ ಇರಲಿಲ್ಲವಂತೆ ಅಂತ ಇವರು ಆಮೇಲೆ ಸಂಭ್ರಮದಿಂದ ಹೇಳಿದರು. ಅತ್ತೆ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅಡುಗೆಮನೆಯ ಬಾಗಿಲು ಪೂರ್ವಕ್ಕಿತ್ತು, ಅವರಿಗೆ ಅಷ್ಟು ಸಾಕಾಗಿತ್ತು.

ತೊಂದರೆ ಇದ್ದದ್ದು ಮನೆಯ ಒಳಗೆ. ಅದು ಒಂದು ಮನೆಯಲ್ಲ, ಬೆನ್ನಿಗೆ ಬೆನ್ನು ಹಚ್ಚಿದ ಎರಡು ಮನೆ. ಮುಂದಿನ ಭಾಗಕ್ಕೆ ಅಗಲವಾದ ಮೆಟ್ಟಿಲು, ನುಣ್ಣನೆಯ ಮರದ ಕೈಹಿಡಿ, ಮೇಲೆ ಮಲಗುವ ಕೋಣೆಗಳು. ಹಿಂದಿನ ಬಾಲಕ್ಕೆ ಬೇರೆಯೇ ಮೆಟ್ಟಿಲು. ಅಡುಗೆಮನೆಯ ಮೂಲೆಯಲ್ಲಿ ಬೀರುವಿನ ಬಾಗಿಲಿನಂಥ ಒಂದು ಬಾಗಿಲು ತೆರೆದರೆ, ಕತ್ತಲಲ್ಲಿ ಕಡಿದಾಗಿ ಏರಿ, ತಿರುವಿನಲ್ಲಿ ಹಲಸಿನ ಹೋಳಿನ ಹಾಗೆ ಒಂದು ಕಡೆ ಚೂಪಾಗುವ ಇಕ್ಕಟ್ಟು ಮೆಟ್ಟಿಲುಗಳು. ಅವು ಸೇರುವುದು ಇಳಿಜಾರು ಸೂರಿನ ಒಂದೇ ಒಂದು ಕೋಣೆಗೆ. ಆ ಕೋಣೆಗೂ ನಮ್ಮ ಮಲಗುವ ಕೋಣೆಗೂ ನಡುವೆ ಒಂದು ದಪ್ಪ ಇಟ್ಟಿಗೆಯ ಗೋಡೆ. ಬಾಗಿಲಿಲ್ಲ. ಹಿಂದೆ ಒಲೆಯ ಕೊಳವೆ ಹಾದುಹೋಗಿದ್ದ ಒಂದು ತೂತಿದೆ, ಅದಕ್ಕೆ ತಗಡಿನ ಮುಚ್ಚಳ ಬಡಿದಿದ್ದಾರೆ. ಆಚೆಯವರು ಕೆಮ್ಮಿದರೆ ಈಚೆ ಕೇಳುತ್ತದೆ. ಆಚೆ ಹೋಗಬೇಕೆಂದರೆ ಮುಂದಿನ ಮೆಟ್ಟಿಲಿಳಿದು, ಹಾಲ್ ದಾಟಿ, ಊಟದ ಕೋಣೆ ದಾಟಿ, ಅಡುಗೆಮನೆ ದಾಟಿ, ಆ ಬೀರುವಿನ ಬಾಗಿಲು ತೆರೆದು ಮತ್ತೆ ಹತ್ತಬೇಕು.

ಮನೆ ತೋರಿಸಿದ ಏಜೆಂಟೇ ನಮ್ಮಿಬ್ಬರಿಗೆ ಅದರ ಗುಟ್ಟು ಹೇಳಿದ್ದಳು. ಅದು ಹೊಲದ ಆಳು ಮಲಗುತ್ತಿದ್ದ ಕೋಣೆ. ಮನೆಯ ಹೆಣ್ಣುಮಕ್ಕಳಿರುವ ಕಡೆಗೆ ಆಳು ಕಾಲಿಡಬಾರದು ಅಂತ ಗೋಡೆಗೆ ಬಾಗಿಲು ಬಿಡದೆ ಕಟ್ಟಿದ್ದು. ಅತ್ತೆ ಇಡೀ ಮನೆ ಸುತ್ತಿ ನೋಡಿ, "ನನಗಿದೇ ಇರಲಿ" ಅಂತ ಬೆರಳು ತೋರಿಸಿದ್ದು ಅದೇ ಕೋಣೆಯನ್ನು.

ಕಾರಣ ಮಡಿ. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇರುವ ಅತ್ತೆ, ಬೆಳಗ್ಗೆ ಸ್ನಾನ ಮಾಡಿ, ಯಾರೂ ಮುಟ್ಟದ ಹಾಗೆ ಒಣಗಿಸಿದ ಸೀರೆ ಉಟ್ಟು, ಪೂಜೆ ಅಡುಗೆ ಮುಗಿಯುವತನಕ ಯಾರನ್ನೂ ಸೋಕುವುದಿಲ್ಲ. ಟೌನ್‌ಹೌಸಿನಲ್ಲಿ ಇದೊಂದು ದಿನನಿತ್ಯದ ಯುದ್ಧವಾಗಿತ್ತು. ಅವರು ಮೆಟ್ಟಿಲ ತುದಿಯಲ್ಲಿ ನಿಂತು "ಸರೀರೇ, ಸರೀರಿ" ಅಂತ ಕೂಗುವುದು, ನಾವು ಲ್ಯಾಪ್‌ಟಾಪು ಕಾಫಿ ಹಿಡಿದು ಗೋಡೆಗೆ ಅಂಟಿಕೊಳ್ಳುವುದು. ಇಲ್ಲಿ ಹಿಂದಿನ ಮಾಲೀಕರು ಯಾರೋ ಆಳಿನ ಕೋಣೆಗೆ ಪುಟ್ಟ ಬಾತ್‌ರೂಮು ಸೇರಿಸಿದ್ದರು. ಸ್ನಾನ, ಅಲ್ಲಿಂದ ಸ್ವಂತ ಮೆಟ್ಟಿಲು, ನೇರ ಅಡುಗೆಮನೆ. ಮೈಲಿಗೆಗೆ ದಾರಿಯೇ ಇಲ್ಲ. ಕೆಳಗಿನ ಬಾಗಿಲಿಗೆ ಒಳಗಿನಿಂದ ಚಿಲಕ ಬೇರೆ ಇತ್ತು. "ಮಡಿವಂತರೇ ಕಟ್ಟಿಸಿರ್ಬೇಕು ಕಣೇ ಇದನ್ನ" ಅಂದರು ಅತ್ತೆ. ಅದು ಯಾರ ಕೋಣೆ ಅಂತ ನಾವಿಬ್ಬರೂ ಬಾಯಿ ಬಿಡಲಿಲ್ಲ.

ಆದರೆ ನನಗೆ ಆ ಮೆಟ್ಟಿಲು ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಅತ್ತೆಯ ಮಂಡಿ ಸರಿಯಿಲ್ಲ. ಸೀರೆಯ ನೆರಿಗೆ ಒಂದು ಕೈಯಲ್ಲಿ, ನೀರಿನ ಚೊಂಬು ಇನ್ನೊಂದರಲ್ಲಿ. ಗೋಡೆಗೊಂದು ಬಾಗಿಲು ಇಡಿಸಿ, ಅವರು ನಮ್ಮ ಕಡೆಯ ಅಗಲ ಮೆಟ್ಟಿಲಲ್ಲಿ ಓಡಾಡಲಿ ಅಂತ ನಾನು ಹೇಳಿದಾಗಲೆಲ್ಲ ಇವರು, "ಅದು ಒರಿಜಿನಲ್ ಪ್ಲಾನ್ ಕಣೇ. ಆ ಗೋಡೇನೇ ಈ ಮನೆ ಕಥೆ" ಅನ್ನುತ್ತಿದ್ದರು. ಗೋಡೆಗೆ ಹೇಳಿದ್ದರೂ ಆ ತೂತಿನಿಂದ ಒಂದು ಉತ್ತರ ಬರುತ್ತಿತ್ತೇನೋ.

ನಾನು ಅಂದುಕೊಂಡಿದ್ದೇ ಆಯಿತು. ಒಂದು ಚಳಿಗಾಲದ ಬೆಳಗ್ಗೆ ನಾನು ಮಲಗುವ ಕೋಣೆಯಲ್ಲೇ ಲ್ಯಾಪ್‌ಟಾಪು ತೆರೆದು ಕಚೇರಿಯ ಮೀಟಿಂಗಿನಲ್ಲಿದ್ದೆ. ತಗಡಿನ ಮುಚ್ಚಳದ ಆಚೆಯಿಂದ ಏನೋ ಉರುಳಿದ ಸದ್ದು, ಆಮೇಲೆ "ಅಯ್ಯೋ ರಾಮ." ಇಳಿದೆ, ಓಡಿದೆ, ಆ ಬಾಗಿಲಿಗೆ ಬಂದರೆ ಒಳಗಿನಿಂದ ಚಿಲಕ. ಅತ್ತೆ ತಿರುವಿನಲ್ಲಿ ಜಾರಿ ಕೂತಿದ್ದರು, ಏಳಲು ಆಗುತ್ತಿರಲಿಲ್ಲ. ಚಿಲಕ ಅವರ ಕೈಗೆ ಎಟುಕುತ್ತಿರಲಿಲ್ಲ. ನಾನು ಸ್ಕ್ರೂಡ್ರೈವರ್ ತಂದು ಬಾಗಿಲಿನ ಕೀಲು ಬಿಚ್ಚಲು ಕೂತೆ. ಸ್ಕ್ರೂಗಳ ತಲೆಯನ್ನೇ ಬಣ್ಣ ಮುಚ್ಚಿತ್ತು. ಕೆರೆದೆ, ಕೆರೆದೆ. ಒಳಗಿನಿಂದ ಅತ್ತೆ ನೋವಲ್ಲೂ, "ನಿಧಾನ ಕಣೇ, ಬಾಗ್ಲು ಮೇಲೆ ಬಿದ್ದೀತು. ಹಾಲಿಟ್ಟಿದ್ಯಾ ಸ್ಟವ್ ಮೇಲೆ?" ಅನ್ನುತ್ತಿದ್ದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಬಾಗಿಲು ಕಳಚಿದಾಗ ಅವರ ಎಡಗೈ ಮಣಿಕಟ್ಟು ಊದಿತ್ತು. ಮೂಳೆ ಮುರಿದಿತ್ತು.

ಕೈಗೆ ಪಟ್ಟಿ ಹಾಕಿಸಿಕೊಂಡು ಬಂದ ಮೇಲೆ ನಾನು ಪಟ್ಟು ಹಿಡಿದೆ. ಬಾಗಿಲು ಆಗಲೇಬೇಕು. ಇವರು ಒಂದೊಂದೇ ನೆಪ ತೆಗೆದರು. ಅದು ಮೊದಲು ಹೊರಗೋಡೆಯಾಗಿದ್ದದ್ದು, ಎರಡು ಸಾಲು ಇಟ್ಟಿಗೆ, ಮೇಲಿನ ಭಾರ ಹೊರಲು ಲಿಂಟಲ್ ಕೊಡಬೇಕು. ಎರಡೂ ಕಡೆಯ ನೆಲ ಒಂದೇ ಮಟ್ಟದಲ್ಲಿಲ್ಲ, ಆಚೆಯದು ತಗ್ಗು, ಮೆಟ್ಟಿಲು ಇಡಬೇಕು. ಮುಗಿಲು ಮುಟ್ಟುವ ಕಟ್ಟಡ ನಿಲ್ಲಿಸುವವರಿಗೆ ಒಂದು ಬಾಗಿಲು ನಿಲ್ಲಿಸುವುದು ಬೆಟ್ಟವಾಯಿತು. ಕಡೆಯ ಬಾಣ ಹೆರಿಟೇಜ್. "ಇದು ಹಳೇ ಕಟ್ಟಡಗಳ ಲಿಸ್ಟಲ್ಲಿರೋ ಮನೆ, ಅವರು ಬಿಡಲ್ಲ."

ನಾನೇ ಊರಿನ ಕಚೇರಿಗೆ ಫೋನ್ ಮಾಡಿದೆ. ಮಾತಾಡಿದ ಹೆಂಗಸು ಬಹಳ ಸೌಮ್ಯವಾಗಿ ವಿವರಿಸಿದಳು. ಹೊರಗಿನ ಇಟ್ಟಿಗೆ, ಕಿಟಕಿ, ಮುಂಬಾಗಿಲು, ಚಾವಣಿಯ ಆಕಾರ ಇವನ್ನು ಮುಟ್ಟುವ ಹಾಗಿಲ್ಲ. ಒಳಗಿನ ಗೋಡೆ ನಿಮ್ಮದು, ಎಲ್ಲರಂತೆ ಕಟ್ಟಡದ ಪರ್ಮಿಟ್ ತೆಗೆದುಕೊಂಡರೆ ಸಾಕು. ಸಂಜೆ ಇವರಿಗೆ ಹೇಳಿದೆ.

"ಅವರು ಬಿಡ್ತಾರೆ ಅಂದ್ರೆ ನಾವು ಮಾಡ್ಬೇಕು ಅಂತೇನಿಲ್ವಲ್ಲ" ಅಂದರು ಇವರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. "ರೀ, ನಿಮ್ಮಮ್ಮ ಕಣ್ರೀ ಅವರು" ಅಂದೆ. "ಕೆಳಗಡೆ ಮುಂದಿನ ರೂಮಲ್ಲಿ ಮಲಗ್ಲಿ ಬೇಕಾದ್ರೆ" ಅಂದರು. ಅತ್ತೆ ಒಪ್ಪಲಿಲ್ಲ. ಅಲ್ಲಿ ಎಲ್ಲರೂ ಕಾಲಾಡುತ್ತಾರೆ, ಮಡಿ ಉಳಿಯುವುದಿಲ್ಲ. ಟೊರಾಂಟೊ ಡೌನ್‌ಟೌನಿನಲ್ಲಿರುವ ನಮ್ಮ ಮಗಳು ಫೋನಿನಲ್ಲಿ, "ಅಮ್ಮಾ, ಜಸ್ಟ್ ಗೆಟ್ ಹರ್ ಎ ಬೆಲ್" ಅಂತ ಸಲೀಸಾಗಿ ಪರಿಹಾರ ಕೊಟ್ಟಳು. ವೈರ್‌ಲೆಸ್ ಬೆಲ್ ತಂದೆವು. ಅತ್ತೆ ಅದನ್ನು ಮಡಿಯಲ್ಲಿ ಮುಟ್ಟಲಿಲ್ಲ. ಮಡಿ ಮುಗಿದ ಮೇಲೆ ಒತ್ತಿ ಕಾಫಿ ಕೇಳುತ್ತಿದ್ದರು.

ಇಷ್ಟರಲ್ಲಿ ಬೇಸಿಗೆ ಬಂತು. ಹಳೆಯ ಮನೆಗಳನ್ನು ಜನರಿಗೆ ತೆರೆದು ತೋರಿಸುವ ಒಂದು ದಿನವಿರುತ್ತದೆ. ನನ್ನನ್ನು ಒಂದು ಮಾತೂ ಕೇಳದೆ ಇವರು ನಮ್ಮ ಮನೆಯ ಹೆಸರು ಕೊಟ್ಟಿದ್ದರು. ಬೆಳಗ್ಗೆಯಿಂದ ಜನ. ಒಬ್ಬಾಕೆ ನನ್ನ ಬಟ್ಟೆಯ ಗೂಡು ತೆರೆದು, ನನ್ನ ಸೀರೆಗಳನ್ನು ಪಕ್ಕಕ್ಕೆ ಸರಿಸಿ, ಹಳೆಯ ಕಬ್ಬಿಣದ ಕೊಕ್ಕೆಗಳ ಫೋಟೊ ತೆಗೆದಳು. ಇನ್ನೊಬ್ಬ ಮೊನೆಕಿಟಕಿ ನೋಡುತ್ತ ನನ್ನ ಹಾಸಿಗೆಯ ಮೇಲೇ ಕೂತ. ನಮ್ಮ ಮಲಗುವ ಕೋಣೆಗೆ ಇರುವುದು ಬೆರಳಿನಿಂದ ಎತ್ತುವ ಹಳೆಯ ಕಬ್ಬಿಣದ ಕೊಂಡಿ, ಒಳಗಿನಿಂದ ಭದ್ರ ಮಾಡಲು ಬರುವುದಿಲ್ಲ. ಬದಲಾಯಿಸಿ ಅಂದರೆ ಅದೂ ಒರಿಜಿನಲ್ಲಂತೆ. ಮದುವೆಯಾಗಿ ಬಂದಾಗಿನಿಂದ ನನ್ನದು ಅಂತ ಒಂದು ಮೂಲೆ ಇದ್ದದ್ದಿಲ್ಲ, ಇಲ್ಲಿ ದಾರಿಹೋಕರಿಗೂ ನನ್ನ ಸೀರೆಗಳ ದರ್ಶನ. ನಾನು ಕುದಿಯುತ್ತ ಮೂಲೆಯಲ್ಲಿ ನಿಂತಿದ್ದೆ.

ಇವರು ಮಾತ್ರ ಹುರುಪಿನಲ್ಲಿದ್ದರು. ಒಂದು ಗುಂಪನ್ನು ಅಡುಗೆಮನೆಗೆ ಕರೆತಂದು, ಬೀರುವಿನ ಬಾಗಿಲು ತೆರೆದು, ಮೆಟ್ಟಿಲು ತೋರಿಸಿ, ಆಳಿನ ಕಥೆಯನ್ನು ಇಂಗ್ಲಿಷಿನಲ್ಲಿ ಸೊಗಸಾಗಿ ಹೇಳಿದರು. ಆಳು ಹೇಗೆ ಬೇರೆ ಮೆಟ್ಟಿಲು ಹತ್ತಬೇಕಿತ್ತು, ಮನೆಯವರ ಕಡೆ ಬಾರದಂತೆ ಗೋಡೆ ಹೇಗೆ ತಡೆಯುತ್ತಿತ್ತು, ಅದನ್ನು ನಾವು ಹೇಗೆ ಹಾಗೆಯೇ ಉಳಿಸಿಕೊಂಡಿದ್ದೇವೆ. ಎಲ್ಲ ಕೇಳಿಸಿಕೊಂಡ ಒಬ್ಬ ಮುದುಕ ಮೆಟ್ಟಿಲಿನ ಕತ್ತಲೊಳಗೆ ಇಣುಕಿ, ಈಗ ಅಲ್ಲಿ ಯಾರು ಮಲಗುತ್ತಾರೆ ಅಂತ ಕೇಳಿದ.

ಅತ್ತೆ ಅಲ್ಲೇ ಒಲೆಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಇವರು ಒಮ್ಮೆ ಆ ಕಡೆ ತಿರುಗಿ ನೋಡಿದರು. "ಮೈ ಮದರ್" ಅಂದರು ಕೊನೆಗೆ. ಮುದುಕ "ಓ" ಅಂದ. ಅಷ್ಟೇ. ಕೆಟ್ಟದಾಗೇನೂ ಅನ್ನಲಿಲ್ಲ. ಗುಂಪು ಹೊರಗೆ ಹೋಯಿತು. ಮಧ್ಯಾಹ್ನ ಬಂದವರಿಗೆ ಇವರು ಆ ಬಾಗಿಲನ್ನು ತೆರೆಯಲೇ ಇಲ್ಲ, ಕಿಟಕಿಯ ಗಾಜಿನ ಬಗ್ಗೆ ಮಾತಾಡಿ ಕಳಿಸಿದರು. ಎಲ್ಲ ಮುಗಿದ ಮೇಲೆ ನನ್ನ ಮುಖ ನೋಡದೆ, "ಬಡಗಿಗೆ ಹೇಳ್ತೀನಿ. ಬಾಗ್ಲು ಮಾಡಿಸ್ಬಿಡೋಣ" ಅಂದರು.

ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಕುರ್ಚಿಯಿಂದ ಮಾತು ಬಂತು.

"ನನ್ನ ಕೇಳಿದ್ರಾ ಇಬ್ರೂ?"

ನಾನು ಗಾಬರಿಯಾದೆ. ಅತ್ತೆಗೆ ಇಂಗ್ಲಿಷು ಮಾತಾಡಲು ಬರದಿದ್ದರೂ ಅರ್ಥವಾಗದೆ ಇರುವುದಿಲ್ಲ. "ಅತ್ತೆ, ಅದು ಆಳಿನ ರೂಮು ಅಂತ ನಾವು ನಿಮಗೆ ಹೇಳ್ಲಿಲ್ಲ, ಬೇಜಾರು ಮಾಡ್ಕೋಬೇಡಿ" ಅಂದೆ.

"ಆಳಿಂದಾದ್ರೇನೇ?" ಅಂದರು. "ಅವನಿಗಾದ್ರೂ ಚಿಲ್ಕ ಹಾಕ್ಕೊಳ್ಳೋ ಹಂಗೆ ಒಂದು ರೂಮು ಕೊಟ್ಟಿದ್ರಲ್ಲ. ನಾನು ಮದ್ವೆಯಾಗಿ ಬಂದಾಗ ಮೈಸೂರಿನ ವಠಾರದಲ್ಲಿ ನಮಗಿದ್ದಿದ್ದು ಒಂದು ಹಾಲ್, ಒಂದು ಅಡುಗೆಮನೆ. ಮಧ್ಯೆ ಒಂದು ಪರದೆ. ಅತ್ತೆ, ನಾದಿನೀರು, ಆಮೇಲೆ ಮಕ್ಕಳು. ಸೀರೆ ಬದಲಾಯಿಸ್ಬೇಕಂದ್ರೂ ಅಡುಗೆಮನೆ ಕದ ಕಾಲಲ್ಲಿ ಒತ್ತಿ ಹಿಡ್ಕೋಬೇಕಿತ್ತು. ಮಡಿ ಅಂದ್ರೆ ಮಾತ್ರ ಯಾರೂ ಹತ್ರ ಬರ್ತಿರ್ಲಿಲ್ಲ. ಅದಕ್ಕೇ ಕಣೇ ಹಿಡ್ಕೊಂಡೆ ನಾನು ಮಡೀನ. ದೇವ್ರಿಗೋಸ್ಕರ ಅರ್ಧ, ನನಗೋಸ್ಕರ ಅರ್ಧ. ಈಗ ನೀವು ಗೋಡೆ ಒಡೀತೀವಿ ಅಂತಿದೀರಿ."

ನನಗೆ ಪಿತ್ತ ನೆತ್ತಿಗೇರಿತು. ಇಷ್ಟು ವರ್ಷ "ಸರೀರೇ ಸರೀರಿ" ಅಂತ ನನ್ನನ್ನು ಗೋಡೆಗೆ ಅಂಟಿಸಿದ್ದು ಅರ್ಧ ಇದಕ್ಕಾ? ಕೇಳಿಯೂ ಬಿಟ್ಟೆ. ಅತ್ತೆ ಸ್ವಲ್ಪವೂ ನಾಚದೆ, "ಹೌದು" ಅಂದರು. ನಾನು ಮೆಟ್ಟಿಲು, ಮಂಡಿ, ಮೂಳೆ ಎಲ್ಲ ಮತ್ತೆ ಹೇಳಿದೆ. ಇನ್ನೊಂದು ಸಲ ಬಿದ್ದರೆ ನಾನು ತಾಳಲಾರೆ ಅಂತಲೂ ಹೇಳಿದೆ, ಅದು ನಿಜವೇ ಆಗಿತ್ತು. ಅವರು ಮುರಿದು ಕೂಡಿದ್ದ ಮಣಿಕಟ್ಟನ್ನು ಒಮ್ಮೆ ಸವರಿಕೊಂಡರು. ಆಮೇಲೆ, "ಮಾಡ್ಸಿ. ಆದ್ರೆ ಚಿಲ್ಕ ನನ್ನ ಕಡೆ ಇರ್ಬೇಕು" ಅಂದರು. ಕೆಳಗಿನ ಬಾಗಿಲಿಗೆ ಇನ್ನು ಚಿಲಕ ಹಾಕುವುದಿಲ್ಲ ಅಂತ ಅವರೂ ಒಪ್ಪಿಕೊಂಡರು.

ಇಟ್ಟಿಗೆ ಕೊಯ್ದ ಧೂಳು ಮನೆಯೆಲ್ಲ ತುಂಬಿತು. ಅನ್ನದ ಪಾತ್ರೆಯಲ್ಲೂ ಕೆಂಪು. ಬಡಗಿ ಒಬ್ಬ ಪೋರ್ಚುಗೀಸಿನವನು, ಒಳ್ಳೆಯ ಕೆಲಸಗಾರ. ಇವರು ಅವನ ಬೆನ್ನಿಗೇ ನಿಂತು, ಮನೆಯ ಬೇರೆ ಬಾಗಿಲುಗಳ ಹಾಗೆಯೇ ಚೌಕಟ್ಟಿನ ಅಂಚು ಬರಬೇಕು ಅಂತ ಪೀಡಿಸಿ, ಹೊಸ ಬಾಗಿಲನ್ನು ಹಳೆಯದರ ಹಾಗೆ ಮಾಡಿಸಿದರು. ಆಚೆಗೆ ಇಳಿಯಲು ಗಟ್ಟಿಯಾದ ಮೆಟ್ಟಿಲು, ಹಿಡಿಯಲು ಕೈಹಿಡಿ. ಕೊನೆಯ ದಿನ ಅವನು ಚಿಲಕ ಯಾವ ಕಡೆ ಅಂತ ಕೇಳಿದಾಗ ಇವರು ನಮ್ಮ ಕಡೆ ಎಂದರು, ನಾನು ಅತ್ತೆಯ ಕಡೆ ಎಂದೆ. ಕೊಟ್ಟ ಮಾತು ಕೊಟ್ಟ ಮಾತೇ.

ಅತ್ತೆ ಅಂದಿನಿಂದಲೇ ಚಿಲಕ ಹಾಕಿಕೊಂಡರು. ಒಂದು ಸಲವೂ ಆ ಬಾಗಿಲಿನಿಂದ ಈಚೆ ಬರಲಿಲ್ಲ. ಅದೇ ಕಡಿದಾದ ಮೆಟ್ಟಿಲಲ್ಲಿ, ಅದೇ ಚೊಂಬು ಹಿಡಿದು, ಈಗ ಇನ್ನೊಂದು ಕೈಯಲ್ಲಿ ಗೋಡೆ ಸವರಿಕೊಂಡು ಇಳಿಯುತ್ತಿದ್ದರು. ನಾನು ಜಗಳವಾಡಿ, ಧೂಳು ಕುಡಿದು, ಪರ್ಮಿಟ್ ತಂದು ಮಾಡಿಸಿದ ಬಾಗಿಲು ಗೋಡೆಗೆ ಬರೆದ ಚಿತ್ರದ ಹಾಗೆ ನಿಂತಿತ್ತು. ದಿನಾ ಅದನ್ನು ನೋಡಿ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಮೊನ್ನೆ ಒಂದು ಬೆಳಗ್ಗೆ ಆಚೆ ಮತ್ತೆ ಧಡ್ ಅಂತ ಸದ್ದು. ಬಾಗಿಲಿಗೆ ಹಾರಿದೆ. ಚಿಲಕ. ಬಡಿದೆ, ಕೂಗಿದೆ, ಉತ್ತರವಿಲ್ಲ. ಮತ್ತೆ ಅದೇ ಇಳಿ, ದಾಟು, ದಾಟು, ಹತ್ತು. ಏದುಸಿರು ಬಿಡುತ್ತ ಹೋಗಿ ನೋಡಿದರೆ ಅತ್ತೆ ಹಾಸಿಗೆಯ ಮೇಲೆ ನೆಟ್ಟಗೆ ಕೂತಿದ್ದರು. ಸೂಟ್‌ಕೇಸು ಅಟ್ಟದಿಂದ ಬಿದ್ದಿತ್ತು. ಜಪದಲ್ಲಿದ್ದರಿಂದ ಮಾತಾಡಲಿಲ್ಲವಂತೆ.

ನಾನು ಕೂಗಾಡಿದೆ. ಆ ಬಾಗಿಲಿಗೆ ಎಷ್ಟು ಜೀವ ತೇಯ್ದೆ, ನಿಮಗೆ ಏನಾದರೂ ಆದರೆ ನಾನು ಏನು ಮಾಡಲಿ, ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ಲವೇ, ಏನೇನೋ. ಅತ್ತೆ ಜಪಮಣಿ ಕೆಳಗಿಟ್ಟು ನನ್ನನ್ನು ನೋಡಿದರು. ಎದ್ದು ಹೋಗಿ ಚಿಲಕ ತೆಗೆದರು. ಬಾಗಿಲು ಅಗಲವಾಗಿ ತೆರೆದು, ಅಲ್ಲಿಂದ ಕಾಣುವ ನಮ್ಮ ಹಾಸಿಗೆ, ನನ್ನ ಮೇಜು, ಕುರ್ಚಿಯ ಮೇಲೆ ಬಿಸಾಡಿದ ನನ್ನ ನೈಟಿ ಎಲ್ಲವನ್ನೂ ಒಮ್ಮೆ ನೋಡಿದರು.

"ತಗೋ, ತೆಗ್ದೇ ಇರ್ಲಿ ಇನ್ಮೇಲೆ. ನಾನು ಬೆಳಗ್ಗೆ ಎದ್ದು ಹೀಗೇ ನಿನ್ನ ರೂಮಿಂದ ಹಾದು ಹೋಗ್ತೀನಿ. ಅವನೂ ಹೀಗೇ ಬರ್ಲಿ. ನೋಡಕ್ಕೆ ಬರೋ ಜನ ಆ ಕಡೆ ಹತ್ತಿ ಈ ಕಡೆ ಇಳೀಲಿ. ಆಯ್ತಾ?"

ವ್ಯಂಗ್ಯವಿರಲಿಲ್ಲ. ನಿಜವಾಗಿ ಕೇಳುತ್ತಿದ್ದರು. ನಾನು ಹೊಸಿಲಿನ ಆಚೆ ನನ್ನ ಕೋಣೆಯನ್ನು ನೋಡಿದೆ. ಅದು ಓಣಿಯ ಹಾಗೆ ಕಂಡಿತು.

"ಬೇಡ ಅತ್ತೆ" ಅಂದೆ. "ಹಾಕ್ಕೊಳ್ಳಿ. ಬಡಿದಾಗ ಒಂದು ಹೂಂ ಅನ್ನಿ, ಜಪ ಇದ್ರೂ."

"ಹೂಂ" ಅಂದರು.

ಅಂದು ಮಧ್ಯಾಹ್ನ ಬಡಗಿಗೆ ಫೋನ್ ಮಾಡಿ, ಅದೇ ಬಾಗಿಲಿಗೆ ನನ್ನ ಕಡೆಯಿಂದಲೂ ಒಂದು ಚಿಲಕ ಬೇಕು ಅಂದೆ. ಎರಡೂ ಕಡೆ ಚಿಲಕ ಹಾಕುವುದಾದರೆ ಗೋಡೆಯನ್ನು ಯಾಕೆ ಒಡೆಸಿದಿರಿ ಅಂತ ಅವನು ನಕ್ಕ. ಬರುವಾಗ ಎರಡು ತನ್ನಿ, ಇನ್ನೊಂದು ನಮ್ಮ ಮಲಗುವ ಕೋಣೆಯ ದೊಡ್ಡ ಬಾಗಿಲಿಗೆ ಅಂದೆ.

ಇವರು ಕೆಲಸದಿಂದ ಬರುವ ಹೊತ್ತಿಗೆ ಎರಡೂ ಕೂತಿದ್ದವು. ನಾನು ಎರಡನ್ನೂ ಹಾಕಿಕೊಂಡು ಹಾಸಿಗೆಯ ನಡುವೆ ಕಾಲು ಚಾಚಿ ಕೂತಿದ್ದೆ, ಪುಸ್ತಕವಿಲ್ಲ, ಫೋನಿಲ್ಲ. ಹೊರಗೆ ಕೊಂಡಿ ಎತ್ತಿದ ಸದ್ದಾಯಿತು. ಬಾಗಿಲು ಅಲುಗಿತು. "ಏನಾಯ್ತೇ? ಹುಷಾರಿಲ್ವಾ? ಒರಿಜಿನಲ್ ಮರಕ್ಕೆ ಸ್ಕ್ರೂ ಹೊಡ್ಸಿದ್ಯಾ?"

"ಹುಷಾರಾಗಿದೀನಿ" ಅಂದೆ. "ಆಮೇಲೆ ಬನ್ನಿ."